ಟಿ.ವಿ. ಹಿಂದಿನ ಪುಟ್ಟ ಪೆಟ್ಟಿಗೆ

ನಮ್ಮ ಹಿರಿಯರು ರೇಡಿಯೋ ಕೊಳ್ಳಲು ಹೊರಟಾಗ ಅವರ ಮುಂದಿದ್ದ ಪ್ರಶ್ನೆಗಳು ಎರಡು ಮೂರಕ್ಕಿಂತ ಹೆಚ್ಚಿರಲಿಲ್ಲ. ಬೆಲೆ ಎಷ್ಟು, ಸಿಲೋನ್ ಸ್ಪಷ್ಟವಾಗಿ ಹಿಡಿಯುತ್ತದೆಯೇ, ಕೆಟ್ಟರೆ ಪೇಟೆಯಲ್ಲಿ ರಿಪೇರಿ ಮಾಡುವವರಿದ್ದಾರೆಯೇ? ಇಷ್ಟು ತಿಳಿದರೆ ಸಾಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಿ ಬಂದರೆ ರೇಡಿಯೋ ಇನ್ನೊಂದು ವರ್ಷ ನಿರಾತಂಕವಾಗಿ ಹಾಡುತ್ತಿತ್ತು. ಆಮೇಲೆ ಟೇಪ್ ರೆಕಾರ್ಡರ್ ಬಂತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು. ಅದರ ಬೆನ್ನಿಗೇ ವಿ.ಸಿ.ಆರ್. ಬಂತು. ಒಂದು ಪೆಟ್ಟಿಗೆಗೆ ಒಂದು ಕೆಲಸ ಎಂಬುದು ಆ ಕಾಲದ ನಿಯಮವಾಗಿತ್ತು. ಪೆಟ್ಟಿಗೆ ಯಾರ ಮನೆಯಲ್ಲಿದೆಯೋ ಅವರದೇ ಅದು ಎಂಬುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಈಗ ಇವೆಲ್ಲವನ್ನೂ ನುಂಗಿ ಕುಳಿತಿರುವುದು ಅಂಗೈಯಗಲದ ಒಂದು ಕಂಪ್ಯೂಟರು. ಟಿ.ವಿ.ಯ ಹಿಂದೆ ಅಡಗಿಕೊಂಡು, ಮನೆಯಲ್ಲಿರುವ ಹಾಡು, ಸಿನಿಮಾ, ಫೋಟೋ, ಮದುವೆಯ ವೀಡಿಯೋ ಎಲ್ಲವನ್ನೂ ಒಂದೇ ರಿಮೋಟಿನಲ್ಲಿ ತೋರಿಸುವ ಇದಕ್ಕೆ ಮೀಡಿಯಾ ಸೆಂಟರ್ ಎಂದು ಹೆಸರು. ಅಂಗಡಿಯವರನ್ನು ಕೇಳಿದರೆ ಪ್ರೊಸೆಸರ್, ರ್ಯಾಮ್, ಗಿಗಾಹರ್ಟ್ಸ್ ಎಂದು ಪಾಠ ಒಪ್ಪಿಸುತ್ತಾರೆ. ಅದರಿಂದ ಕೊಳ್ಳುವವನ ತಲೆ ಕೆಡುವುದೇ ಹೊರತು ಉಪಯೋಗ ಅಷ್ಟಕ್ಕಷ್ಟೆ. ನನಗನಿಸುವಂತೆ ಇಂಥ ಯಂತ್ರವನ್ನು ಆರಿಸುವ ಮೊದಲು ಅದರ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಆ ಚರಿತ್ರೆ ಇಪ್ಪತ್ತೈದು ವರ್ಷಕ್ಕಿಂತ ಬಹಳ ಹಳೆಯದೇನಲ್ಲ. ಅದರಲ್ಲೊಂದು ವಿಚಿತ್ರವಿದೆ. ಜನ ಹೆಚ್ಚು ಮೆಚ್ಚಿದ ಅಗ್ಗದ ಪೆಟ್ಟಿಗೆಗಳು ಬೇರೆ ಯಾವುದೋ ಕೆಲಸಕ್ಕೆಂದು ಹುಟ್ಟಿದವು, ಮತ್ತು ಅವು ಅಗ್ಗವಾದದ್ದು ಬೇರೆ ಯಾರೋ ಅವುಗಳ ಖರ್ಚಿನ ಒಂದು ಪಾಲು ಹೊತ್ತದ್ದರಿಂದ.

ಮೊದಲು ಒಂದು ಸಣ್ಣ ಲೆಕ್ಕ. ಹಳೆಯ ಟಿ.ವಿ.ಯ ಒಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳಾಗಿ ಬರೆಯುತ್ತಾರೆ. ಚುಕ್ಕೆಗೆ ಮೂರು ಬೈಟ್, ಸೆಕೆಂಡಿಗೆ 25 ಚಿತ್ರ ಎಂದು ಹಿಡಿದರೆ ಸೆಕೆಂಡಿಗೆ 31 ಮೆಗಾಬೈಟ್ ಆಗುತ್ತದೆ. ಎರಡೂವರೆ ಗಂಟೆಯ ಒಂದು ಸಿನಿಮಾಕ್ಕೆ ಸುಮಾರು 280 ಗಿಗಾಬೈಟ್ ಬೇಕು. ಆದರೆ ಒಂದು ಪದರದ ಡಿ.ವಿ.ಡಿ.ಯಲ್ಲಿ ಹಿಡಿಸುವುದು 4.7 ಗಿಗಾಬೈಟ್ ಮಾತ್ರ. ಆದ್ದರಿಂದ ಚಿತ್ರವನ್ನು ಮಡಿಸಬೇಕಾಯಿತು. ಒಂಬತ್ತು ಗಜದ ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಡುವ ಹಾಗೆ, ಒಂದು ಚಿತ್ರಕ್ಕೂ ಮುಂದಿನದಕ್ಕೂ ಬದಲಾದದ್ದೆಷ್ಟೋ ಅಷ್ಟನ್ನೇ ಬರೆದಿಟ್ಟು ಉಳಿದದ್ದನ್ನು ಬಿಡುವುದು ಈ ವಿದ್ಯೆಯ ಸಾರ. ವೀಡಿಯೋ ಸಿ.ಡಿ.ಗೆ ಎಂಪೆಗ್-1, ಡಿ.ವಿ.ಡಿ.ಗೆ ಎಂಪೆಗ್-2, 2003ರಲ್ಲಿ ಎಚ್.264, 2013ರಲ್ಲಿ ಎಚ್.265, 2018ರಲ್ಲಿ ಎ.ವಿ.1 ಹೀಗೆ ಮಡಿಕೆಯ ಕ್ರಮಗಳು ಒಂದರ ಹಿಂದೊಂದು ಬಂದವು. ಪ್ರತಿ ಸಲವೂ ಗಂಟು ಚಿಕ್ಕದಾಯಿತು, ಬಿಡಿಸುವ ಕೆಲಸ ಕಷ್ಟವಾಯಿತು.

ಮಡಿಕೆ ಬಿಡಿಸುವುದು ಎರಡು ರೀತಿ. ಕಂಪ್ಯೂಟರಿನ ಮುಖ್ಯ ಮಿದುಳಿಗೇ ಆ ಕೆಲಸ ಹಚ್ಚುವುದು ಒಂದು ರೀತಿ. ಅದಕ್ಕೆಂದೇ ಒಂದು ಸಣ್ಣ ಭಾಗವನ್ನು ಚಿಪ್ಪಿನಲ್ಲಿ ಪ್ರತ್ಯೇಕವಾಗಿ ಕೆತ್ತಿಡುವುದು ಇನ್ನೊಂದು. ಕತ್ತಿಯಿಂದ ಏನು ಬೇಕಾದರೂ ಕೊಯ್ಯಬಹುದು, ಮನಸ್ಸು ಮಾಡಿದರೆ ತೆಂಗಿನಕಾಯಿಯನ್ನೂ ಕೆರೆದು ತೆಗೆಯಬಹುದು. ಆದರೆ ತುರಿಮಣೆಯಲ್ಲಿ ಐದು ನಿಮಿಷಕ್ಕೆ ಆಗುವುದನ್ನು ಕತ್ತಿಯಿಂದ ಮಾಡಹೊರಟರೆ ಬೆವರು ಸುರಿಯುತ್ತದೆ. ಮಿದುಳಿಗೆ ಬೆವರು ಬಂದರೆ ಫ್ಯಾನು ಬೇಕು, ಫ್ಯಾನು ಇದ್ದರೆ ಸದ್ದು, ಸದ್ದಿದ್ದರೆ ಸಂಗೀತ ಕೇಳುವ ಕೋಣೆಗೆ ಅದು ಸಲ್ಲದು. ಮೀಡಿಯಾ ಸೆಂಟರಿನ ಇಡೀ ಚರಿತ್ರೆಯನ್ನು ಕತ್ತಿಯಿಂದ ತುರಿಮಣೆಗೆ ನಡೆದ ಪಯಣ ಎಂದರೂ ನಡೆಯುತ್ತದೆ.

1999ರಲ್ಲಿ ಅಮೆರಿಕದಲ್ಲಿ ಟೀವೋ ಎಂಬ ಪೆಟ್ಟಿಗೆ ಬಂತು. ಟಿ.ವಿ. ಕಾರ್ಯಕ್ರಮವನ್ನು ಹಾರ್ಡ್ ಡಿಸ್ಕಿಗೆ ಬರೆದುಕೊಂಡು ಬೇಕಾದಾಗ ತೋರಿಸುವುದು ಅದರ ಕೆಲಸ. ಒಳಗಿದ್ದದ್ದು ಲಿನಕ್ಸ್ ನಡೆಸುವ ಒಂದು ಕಂಪ್ಯೂಟರೇ. ಹಾಗಾದರೆ ನಮ್ಮ ಮೇಜಿನ ಕಂಪ್ಯೂಟರೇ ಇದನ್ನು ಏಕೆ ಮಾಡಬಾರದು ಎಂದು ಕೆಲವರಿಗೆ ಅನಿಸಿತು. 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬಾತ ಮಿಥ್ ಟಿ.ವಿ. ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದ. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ಎಕ್ಸ್.ಪಿ.ಯ ಮೀಡಿಯಾ ಸೆಂಟರ್ ಆವೃತ್ತಿಯನ್ನು ಹೊರತಂದಿತು. ಸೋಫಾದ ಮೇಲೆ ಕುಳಿತು ರಿಮೋಟಿನಿಂದ ಕಂಪ್ಯೂಟರನ್ನು ನಡೆಸುವ ಕಲ್ಪನೆಗೆ ಆಗ ಒಂದು ಅಚ್ಚುಕಟ್ಟಾದ ರೂಪ ಬಂತು. ಆದರೆ ಯಂತ್ರ ಮಾತ್ರ ಆಫೀಸಿನದ್ದೇ ಆಗಿತ್ತು. ಮೊಣಕಾಲೆತ್ತರದ ಡಬ್ಬಿ, ಒಳಗೆ ಮೂರು ಫ್ಯಾನು, ಬೆಲೆಯೂ ಜೋರು. ಹಾಲ್‌ನಲ್ಲಿ ಅದನ್ನಿಡಲು ಮನೆಯ ಹೆಂಗಸರು ಒಪ್ಪದಿದ್ದುದರಲ್ಲಿ ಆಶ್ಚರ್ಯವಿಲ್ಲ.

ದಾರಿ ತೋರಿಸಿದ್ದು ಮಕ್ಕಳ ಆಟದ ಪೆಟ್ಟಿಗೆ. 2001ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಎಕ್ಸ್‌ಬಾಕ್ಸ್‌ನ ಬೆಲೆ 299 ಡಾಲರು. ಒಳಗೆ 733 ಮೆಗಾಹರ್ಟ್ಸಿನ ಇಂಟೆಲ್ ಪ್ರೊಸೆಸರ್, 64 ಮೆಗಾಬೈಟ್ ಮೆಮೊರಿ, ಹಾರ್ಡ್ ಡಿಸ್ಕ್, ಡಿ.ವಿ.ಡಿ. ಡ್ರೈವ್, ಟಿ.ವಿ.ಗೆ ನೇರವಾಗಿ ಸಿಕ್ಕಿಸುವ ವ್ಯವಸ್ಥೆ ಎಲ್ಲವೂ ಇದ್ದವು. ಆ ಬೆಲೆಗೆ ಅಂಥ ಕಂಪ್ಯೂಟರು ಬೇರೆಲ್ಲೂ ಸಿಗುತ್ತಿರಲಿಲ್ಲ. ಕಾರಣ ಸರಳ. ಮೈಕ್ರೋಸಾಫ್ಟ್ ಅದನ್ನು ತಯಾರಿಕೆಯ ವೆಚ್ಚಕ್ಕಿಂತ ಕಡಿಮೆಗೆ ಮಾರುತ್ತಿತ್ತು. ನಷ್ಟವನ್ನು ಆಟದ ಡಿಸ್ಕುಗಳಿಂದ ತುಂಬಿಕೊಳ್ಳುವುದು ಅದರ ಲೆಕ್ಕಾಚಾರ. ಮುಂಗಡವಾಗಿ ಗೊಬ್ಬರ ಕೊಟ್ಟು ಬೆಳೆ ಬಂದಾಗ ವಸೂಲು ಮಾಡುವ ಸಾಹುಕಾರನ ಪದ್ಧತಿಯೇ ಇದು.

ಆದರೆ ಕೆಲವು ಹುಡುಗರು ಗೊಬ್ಬರವನ್ನು ತೆಗೆದುಕೊಂಡು ತಮ್ಮದೇ ಬೆಳೆ ಬೆಳೆದರು. ಎಕ್ಸ್‌ಬಾಕ್ಸ್‌ನ ಬೀಗ ಒಡೆಯಲು ಒಂದು ಸಣ್ಣ ಚಿಪ್ಪನ್ನು ಬೆಸುಗೆ ಹಾಕಿ, 2002ರಲ್ಲಿ ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್ ಎಂಬ ತಂತ್ರಾಂಶವನ್ನು ಅದರಲ್ಲಿ ಓಡಿಸಿದರು. ಅದು ಬೆಳೆದು 2004ರಲ್ಲಿ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್, ಸಂಕ್ಷೇಪವಾಗಿ ಎಕ್ಸ್.ಬಿ.ಎಂ.ಸಿ. ಆಯಿತು. ಇದನ್ನು ಬರೆದವರಲ್ಲಿ ಯಾರಿಗೂ ಸಂಬಳವಿರಲಿಲ್ಲ. ತಮಾಷೆಯೆಂದರೆ, ಮೈಕ್ರೋಸಾಫ್ಟಿನ ಉಪಕರಣಗಳಿಲ್ಲದೆ ಅದನ್ನು ಎಕ್ಸ್‌ಬಾಕ್ಸ್‌ಗೆ ಸಿದ್ಧಪಡಿಸುವಂತಿರಲಿಲ್ಲ. ಹಾಗಾಗಿ ಸಿದ್ಧ ತಂತ್ರಾಂಶವನ್ನು ಕಾನೂನುಬದ್ಧವಾಗಿ ಹಂಚುವ ಹಾಗಿರಲಿಲ್ಲ. ತಂಡದವರು ಮೂಲ ಬರಹವನ್ನಷ್ಟೇ ಹಂಚಿದರು. ಅಡುಗೆ ಕೊಡಲಾರೆವು, ಅಡುಗೆಯ ಕ್ರಮ ಬರೆದುಕೊಡುತ್ತೇವೆ ಎಂದ ಹಾಗೆ. ಆದರೂ ಅದರ ಖ್ಯಾತಿ ಊರೂರಿಗೆ ಹಬ್ಬಿತು. ಹೈ ಡೆಫಿನಿಷನ್ ಚಿತ್ರಗಳು ಬಂದಾಗ ಎಕ್ಸ್‌ಬಾಕ್ಸ್‌ನ ಶಕ್ತಿ ಸಾಲದಾಯಿತು. ತಂಡ ತಂತ್ರಾಂಶವನ್ನು ಲಿನಕ್ಸ್, ವಿಂಡೋಸ್, ಮ್ಯಾಕ್‌ಗಳಿಗೆ ಒಗ್ಗಿಸಿ 2010ರಲ್ಲಿ ಎಕ್ಸ್‌ಬಾಕ್ಸ್‌ನ ಕೈ ಬಿಟ್ಟಿತು. 2014ರಲ್ಲಿ ಹೆಸರನ್ನೂ ಬದಲಿಸಿ ಕೋಡಿ ಎಂದು ಇಟ್ಟುಕೊಂಡಿತು. ಹುಟ್ಟಿದ ಮನೆ ಹೋಯಿತು, ಮಗು ಉಳಿಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇದಕ್ಕೆ ಕೆಲಸವಿದೆ.

ಇತ್ತ ಯಂತ್ರಗಳೂ ಚಿಕ್ಕದಾಗುತ್ತಿದ್ದವು. ತೈವಾನಿನ ವಿಯಾ ಕಂಪನಿ 17 ಸೆಂಟಿಮೀಟರ್ ಚೌಕದ ಮದರ್‌ಬೋರ್ಡನ್ನು ರೂಢಿಗೆ ತಂದಿತು. 2005ರ ಜನವರಿಯಲ್ಲಿ ಆಪಲ್ ಕಂಪನಿಯ ಮ್ಯಾಕ್ ಮಿನಿ ಬಂತು. ಆರೂವರೆ ಅಂಗುಲ ಚೌಕ, ಎರಡಂಗುಲ ಎತ್ತರ, ಬೆಲೆ 499 ಡಾಲರು. ಪುಳಿಯೋಗರೆಯ ಸ್ಟೀಲ್ ಡಬ್ಬಿಯಂತಿದ್ದ ಅದನ್ನು ನೋಡಿದಾಗ ಕಂಪ್ಯೂಟರು ಹಾಲ್‌ಗೆ ಬರಬಹುದು ಎಂದು ಜನ ಮೊದಲ ಬಾರಿಗೆ ನಂಬಿದರು. 2008ರಲ್ಲಿ ಇಂಟೆಲ್‌ನ ಆಟಮ್ ಪ್ರೊಸೆಸರ್ ಬಂದಾಗ ಬೆಲೆ ಇಳಿಯಿತು, ಆದರೆ ಅದರ ಮಿದುಳು ಚಿಕ್ಕದು, ದೊಡ್ಡ ಚಿತ್ರಗಳ ಮಡಿಕೆ ಬಿಡಿಸಲಾರದೆ ತಡವರಿಸಿತು. 2009ರಲ್ಲಿ ಅದೇ ಆಟಮ್ ಜೊತೆಗೆ ಎನ್‌ವಿಡಿಯಾದ ಅಯಾನ್ ಎಂಬ ಚಿತ್ರ ಸಂಸ್ಕಾರಕವನ್ನು ಕೂಡಿಸಿದ ಏಸರ್ ರೆವೋ ಎಂಬ ಪೆಟ್ಟಿಗೆ ಬಂತು. ಟಿ.ವಿ.ಯ ಬೆನ್ನಿಗೆ ಸ್ಕ್ರೂ ಹಾಕಿ ನೇತುಹಾಕಬಹುದಾಗಿದ್ದ ಅದು ಹೈ ಡೆಫಿನಿಷನ್ ಚಿತ್ರವನ್ನು ಸಲೀಸಾಗಿ ತೋರಿಸಿತು. ಮಿದುಳು ಅದೇ, ತುರಿಮಣೆ ಹೊಸದು. ಗಿಗಾಹರ್ಟ್ಸ್ ಎಣಿಸುವುದು ವ್ಯರ್ಥವೆಂದು ಆವತ್ತೇ ಸಾಬೀತಾಗಿತ್ತು.

ಇದರ ಪರಾಕಾಷ್ಠೆಯನ್ನು ಕಂಡದ್ದು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಬೋರ್ಡಿನಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ವಿಜ್ಞಾನ ಓದಲು ಬರುವ ಹುಡುಗರ ಸಂಖ್ಯೆ ಇಳಿಯುತ್ತಿದೆ, ಬಂದವರಿಗೂ ಮೊದಲಿನವರಂತೆ ಪ್ರೋಗ್ರಾಂ ಬರೆದ ಅನುಭವವಿಲ್ಲ ಎಂದು ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರಿಗೆ ಚಿಂತೆಯಾಗಿತ್ತು. ಮಕ್ಕಳು ಧೈರ್ಯವಾಗಿ ಕೆಡಿಸಿ ಕಲಿಯಬಹುದಾದ ಅಗ್ಗದ ಕಂಪ್ಯೂಟರು ಮಾಡುವುದು ಅವರ ಉದ್ದೇಶ. ಇಸ್ಪೀಟಿನ ಎಲೆಯಷ್ಟು ದೊಡ್ಡ ಬೋರ್ಡಿಗೆ 35 ಡಾಲರು. ಅವರು ಆರಿಸಿದ ಬ್ರಾಡ್‌ಕಾಂ ಚಿಪ್ಪಿನ ಮಿದುಳು 700 ಮೆಗಾಹರ್ಟ್ಸಿನದು, ಆ ಕಾಲಕ್ಕೇ ಹಳತಾಗಿದ್ದ ಜಾತಿ. ಆದರೆ ಅದು ಮೂಲತಃ ವೀಡಿಯೋ ತೋರಿಸುವ ಸಣ್ಣ ಸಾಧನಗಳಿಗಾಗಿ ಮಾಡಿದ ಚಿಪ್ಪು. ಅದರ ಬಹುಪಾಲು ಜಾಗವನ್ನು ಆಕ್ರಮಿಸಿದ್ದದ್ದು ಚಿತ್ರದ ಭಾಗ. ಹೀಗಾಗಿ ಪ್ರೋಗ್ರಾಂ ಕಲಿಯುವ ಮಕ್ಕಳ ಬೋರ್ಡು ಹೈ ಡೆಫಿನಿಷನ್ ಸಿನಿಮಾವನ್ನು ಫ್ಯಾನಿಲ್ಲದೆ, ಬಿಸಿಯಾಗದೆ, ಮೊಬೈಲ್ ಚಾರ್ಜರಿನಷ್ಟೇ ವಿದ್ಯುತ್ತಿನಲ್ಲಿ ತೋರಿಸಿತು. ಎಕ್ಸ್.ಬಿ.ಎಂ.ಸಿ.ಯ ಮಂದಿ ಬಿಡುತ್ತಾರೆಯೇ? ಮಕ್ಕಳಿಗೆಂದು ಮಾಡಿದ ಬೋರ್ಡುಗಳು ಎಷ್ಟೋ ಮನೆಗಳಲ್ಲಿ ಅಪ್ಪಂದಿರ ಟಿ.ವಿ. ಹಿಂದೆ ಸೇರಿಕೊಂಡವು.

ಈ ಬೋರ್ಡಿನ ಒಂದು ಸಣ್ಣ ಪ್ರಸಂಗ ನನಗೆ ಬಹಳ ಅರ್ಥಪೂರ್ಣವೆನಿಸಿದೆ. ಡಿ.ವಿ.ಡಿ.ಯ ಎಂಪೆಗ್-2 ಮಡಿಕೆಯನ್ನು ಬಿಡಿಸುವ ಶಕ್ತಿ ಆ ಚಿಪ್ಪಿನಲ್ಲೇ ಇತ್ತು. ಆದರೆ ಆ ವಿದ್ಯೆಗೆ ಪೇಟೆಂಟ್ ಇದ್ದದ್ದರಿಂದ ಶುಲ್ಕ ಕೊಡಬೇಕಿತ್ತು. ಪ್ರತಿ ಬೋರ್ಡಿಗೂ ಅದನ್ನು ಸೇರಿಸಿದರೆ ಬೆಲೆ ಏರುತ್ತದೆ ಎಂದು ಅವರು ಆ ಶಕ್ತಿಗೆ ಬೀಗ ಹಾಕಿ ಮಾರಿದರು. 2012ರ ಆಗಸ್ಟ್‌ನಿಂದ, ಬೇಕಾದವರು 2.40 ಪೌಂಡ್ ಕೊಟ್ಟರೆ ಅವರ ಬೋರ್ಡಿನ ಕ್ರಮಸಂಖ್ಯೆಗೆ ಮಾತ್ರ ಹೊಂದುವ ಒಂದು ಕೀಲಿಸಂಖ್ಯೆ ಸಿಗುತ್ತಿತ್ತು. ವ್ಯವಹಾರ ಪ್ರಾಮಾಣಿಕವೇ, ಮೊತ್ತವೂ ಸಣ್ಣದು. ಆದರೂ ಮನೆಯಲ್ಲಿರುವ ತುರಿಮಣೆಯ ಬೀಗದ ಕೈ ಬೇರೊಬ್ಬರ ಸೊಂಟದಲ್ಲಿರುವುದು ಹೊಸ ಕಾಲದ ರೀತಿ ಎಂಬುದನ್ನು ಇದು ಸ್ಪಷ್ಟವಾಗಿ ತೋರಿಸಿತು. ಇಲ್ಲಿ ಒಂದು ಸಲ ಹಣ ಕೊಟ್ಟರೆ ಕೀಲಿ ನಮ್ಮದಾಗುತ್ತಿತ್ತು. ಮುಂದೆ ಬಂದವರು ಅದನ್ನೂ ಕೊಡಲಿಲ್ಲ.

ಆ ಮುಂದೆ ಬಂದವರ ಕಥೆ ಹೀಗಿದೆ. 2008ರಲ್ಲಿ ರೋಕು ಎಂಬ ಪೆಟ್ಟಿಗೆ, 2013ರಲ್ಲಿ 35 ಡಾಲರಿನ ಕ್ರೋಮ್‌ಕಾಸ್ಟ್, 2014ರಲ್ಲಿ ಅಮೆಜಾನಿನ ಫೈರ್ ಟಿ.ವಿ. ಕಡ್ಡಿ ಬಂದವು. ಬೆರಳುದ್ದದ ಕಡ್ಡಿಯನ್ನು ಟಿ.ವಿ.ಗೆ ಸಿಕ್ಕಿಸಿದರೆ ಸಾಕು, ಸಿನಿಮಾ ದೂರದ ಉಗ್ರಾಣದಿಂದ ಹರಿದು ಬರುತ್ತದೆ. ಮನೆಯಲ್ಲಿ ಏನನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ನಮ್ಮ ದೇಶದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ ಹಳ್ಳಿಯ ಮನೆಗಳಿಗೂ ಈ ಹರಿವು ಮುಟ್ಟಿತು. ಮೈಕ್ರೋಸಾಫ್ಟ್ ಅದಕ್ಕೆ ಮೊದಲೇ, 2015ರ ವಿಂಡೋಸ್ 10ರಲ್ಲಿ, ತನ್ನ ಮೀಡಿಯಾ ಸೆಂಟರನ್ನು ತೆಗೆದುಹಾಕಿತ್ತು. ಕಡ್ಡಿ ಅಗ್ಗವಾಗಿರುವುದಕ್ಕೆ ಕಾರಣ ಎಕ್ಸ್‌ಬಾಕ್ಸ್‌ನ ಕಾರಣವೇ. ಅಂಗಡಿಯ ಬಾಗಿಲನ್ನು ಅಗ್ಗವಾಗಿ ಮಾರಿ, ವ್ಯಾಪಾರವನ್ನು ಒಳಗೆ ಮಾಡಿಕೊಳ್ಳುವುದು. ತಪ್ಪೇನಿಲ್ಲ, ಆದರೆ ಬಾಗಿಲು ನಮ್ಮದೆಂದು ಭಾವಿಸಬಾರದು. ಕೊಂಡ ಸಿನಿಮಾಗಳನ್ನು ಎಂದೆಂದಿಗೂ ಕಾಯ್ದಿಡುವ ಕಪಾಟು ಎಂಬಂತೆ ಅಮೆರಿಕದ ದೊಡ್ಡ ಸಿನಿಮಾ ಕಂಪನಿಗಳು ಸೇರಿ 2011ರಲ್ಲಿ ಅಲ್ಟ್ರಾವಯಲೆಟ್ ಎಂಬ ವ್ಯವಸ್ಥೆ ಮಾಡಿದವು. 2019ರ ಜುಲೈ 31ಕ್ಕೆ ಅದು ಬಾಗಿಲು ಹಾಕಿತು. ಇಟ್ಟದ್ದನ್ನು ಬೇರೆ ಅಂಗಡಿಗಳ ಖಾತೆಗೆ ಜೋಡಿಸಿಕೊಳ್ಳಿ ಎಂದು ಜನರಿಗೆ ಸೂಚನೆ ಬಂತು. ಎಂದೆಂದಿಗೂ ಎಂಬುದರ ಅವಧಿ ಎಂಟು ವರ್ಷವೂ ಆಗಲಿಲ್ಲ.

ಹೋಗಲಿ, ಹಾಲಿವುಡ್ಡಿನ ಸಿನಿಮಾ ಹೋದರೆ ನಮಗೇನು ಎನ್ನಬಹುದು. ಅವನ್ನು ಕಾಯುವವರು ಬೇರೆ ಇದ್ದಾರೆ. ನನಗೆ ಕಾಡುವುದು, ಯಾವ ಉಗ್ರಾಣದಲ್ಲೂ ಇಲ್ಲದ ವಸ್ತುಗಳ ಚಿಂತೆ. ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಎಪ್ಪತ್ತು ಎಂಬತ್ತರ ದಶಕದಲ್ಲಿ ತಾಳಮದ್ದಳೆಗಳನ್ನು ರಾತ್ರಿಯಿಡೀ ಕುಳಿತು ಟೇಪ್ ಮಾಡಿಕೊಂಡವರಿದ್ದಾರೆ. ನನ್ನ ತಂದೆಯವರು ಅಂಥವರಲ್ಲೊಬ್ಬರು. ಅವರು ಬಿಟ್ಟುಹೋದ ಇನ್ನೂರಕ್ಕೆ ಸಮೀಪದ ಕ್ಯಾಸೆಟ್ಟುಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ, ಮಲ್ಪೆ ರಾಮದಾಸ ಸಾಮಗರ ಅರ್ಥಗಳಿವೆ. ಅವುಗಳ ನಡುವೆ, ಟೇಪ್ ಮುಗಿಯುವ ಹೊತ್ತಿಗೆ ಯಾರನ್ನೋ ಕಾಫಿಗೆ ಕರೆಯುವ ನನ್ನ ಅಜ್ಜಿಯ ಧ್ವನಿಯೂ ಇದೆ. ಅದು ಬಿಟ್ಟರೆ ಅವರ ಧ್ವನಿ ಬೇರೆಲ್ಲೂ ಇಲ್ಲ. ಹತ್ತು ಮಳೆಗಾಲ ಕಳೆದರೆ ಕ್ಯಾಸೆಟ್ಟಿನ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ವೀಡಿಯೋ ಟೇಪಿನ ಗತಿ ಇನ್ನೂ ಕಷ್ಟ. ಜಗತ್ತಿನಲ್ಲಿ ಕೊನೆಯವರೆಗೂ ವಿ.ಸಿ.ಆರ್. ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಟೇಪು ಉಳಿದರೂ ನಡೆಸುವ ಯಂತ್ರ ಉಳಿಯುವುದಿಲ್ಲ.

ಇಲ್ಲೂ ಒಂದು ಲೆಕ್ಕ ಹಾಕಿ ನೋಡಿದೆ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟನ್ನು ಸಾಧಾರಣ ಎಂಪಿ3 ಆಗಿ ಮಾಡಿದರೆ ಸುಮಾರು 86 ಮೆಗಾಬೈಟ್. ಇನ್ನೂರಕ್ಕೆ 17 ಗಿಗಾಬೈಟ್. ಒಂದು ಕಪಾಟು ತುಂಬಿದ್ದ ತಂದೆಯವರ ರಾತ್ರಿಗಳೆಲ್ಲ ಉಗುರಿನಷ್ಟು ಕಾರ್ಡಿನಲ್ಲಿ ಹಿಡಿಸುತ್ತವೆ. ಟೇಪಿನಿಂದ ಇಳಿಸುವುದಕ್ಕೆ ಮಾತ್ರ ಅಡ್ಡದಾರಿಯಿಲ್ಲ, ತೊಂಬತ್ತು ನಿಮಿಷದ್ದಕ್ಕೆ ತೊಂಬತ್ತು ನಿಮಿಷವೇ ಬೇಕು. ಇಳಿಸಿದ ಮೇಲೆ ಅದನ್ನು ಮನೆಯವರೆಲ್ಲ ಕೇಳುವುದು ಹೇಗೆ? ಮೊಬೈಲಿನಲ್ಲಿಟ್ಟರೆ ಒಬ್ಬರ ಕಿವಿಗೆ ಮಾತ್ರ. ನಮ್ಮ ಮನೆಗೆ ಪುಟ್ಟ ಪೆಟ್ಟಿಗೆ ಬೇಕಾದದ್ದು ಇದಕ್ಕೆ. ಕೊಳ್ಳುವ ಮಾತು ಬಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ನೆಟ್ ಇಲ್ಲದಿದ್ದರೂ ಇದು ಹಾಡ್ತದಾ?” ಮಳೆಗಾಲದಲ್ಲಿ ಮೂರು ದಿನ ನೆಟ್ ಇಲ್ಲದ ಊರಿನವರು ಕೇಳುವ ಪ್ರಶ್ನೆ ಅದು. ಯಾವ ಅಂಗಡಿಯ ಪಟ್ಟಿಯಲ್ಲೂ ಇಲ್ಲದ ಆ ಪ್ರಶ್ನೆಯೇ ನನಗೆ ಅಳತೆಗೋಲಾಯಿತು.

ಆ ಅಳತೆಗೋಲಿನಿಂದ ನೋಡಿದರೆ ಇವತ್ತು ಮೂರು ದಾರಿಗಳಿವೆ. ಮೊದಲನೆಯದು ರಾಸ್ಪ್‌ಬೆರಿ ಪೈ ಜಾತಿಯ ಬೋರ್ಡು. ವಿದ್ಯುತ್ತು ಬಹಳ ಕಡಿಮೆ, ಟಿ.ವಿ.ಯ ರಿಮೋಟಿನಿಂದಲೇ ನಡೆಯುತ್ತದೆ. ಆದರೆ ಬೋರ್ಡಿನ ಬೆಲೆಯೊಂದನ್ನೇ ನೋಡಬಾರದು. ಡಬ್ಬಿ, ಪವರ್ ಸಪ್ಲೈ, ಮೆಮೊರಿ ಕಾರ್ಡು ಸೇರಿದಾಗ ಲೆಕ್ಕ ಬೇರೆಯಾಗುತ್ತದೆ. 2021ರಿಂದ 2023ರವರೆಗೆ ಜಗತ್ತಿನಾದ್ಯಂತ ಚಿಪ್ಪಿನ ಕೊರತೆಯಾದಾಗ ಈ ಬೋರ್ಡು ಕಣ್ಣಿಗೆ ಬೀಳುವುದೇ ಕಷ್ಟವಾಗಿತ್ತು. ಕರೆಂಟು ಹಠಾತ್ತನೆ ಹೋಗುವ ಊರಲ್ಲಿ ಮೆಮೊರಿ ಕಾರ್ಡು ಕೆಡುವ ಸಂಭವವೂ ಇದೆ. ಇನ್ನೊಂದು ಸ್ವಾರಸ್ಯವೆಂದರೆ, 2023ರಲ್ಲಿ ಬಂದ ಇದರ ಐದನೆಯ ಮಾದರಿಯಲ್ಲಿ ಎಚ್.264ರ ತುರಿಮಣೆಯನ್ನೇ ತೆಗೆದುಹಾಕಿ ಎಚ್.265ರದ್ದನ್ನು ಮಾತ್ರ ಉಳಿಸಿದ್ದಾರೆ. ಮಿದುಳು ಈಗ ಎಷ್ಟು ಬಲಿತಿದೆಯೆಂದರೆ ಹಳೆಯ ಮಡಿಕೆಯನ್ನು ಕತ್ತಿಯಿಂದಲೇ ಬಿಡಿಸುತ್ತದೆ. ಚರಿತ್ರೆಯ ಚಕ್ರ ಹೀಗೂ ತಿರುಗುತ್ತದೆ.

ಎರಡನೆಯದು ಇಂಟೆಲ್‌ನ ಎನ್100 ಮಾದರಿಯ ಪ್ರೊಸೆಸರ್ ಇರುವ ಹೊಸ ಮಿನಿ ಕಂಪ್ಯೂಟರು. 2023ರ ಆರಂಭದಲ್ಲಿ ಬಂದ ಈ ಚಿಪ್ಪಿಗೆ ನಿಗದಿಪಡಿಸಿದ ಶಾಖಮಿತಿ ಕೇವಲ 6 ವ್ಯಾಟ್, ಆದರೂ ಎ.ವಿ.1ರವರೆಗಿನ ಎಲ್ಲ ಮುಖ್ಯ ಮಡಿಕೆಗಳನ್ನೂ ಬಿಡಿಸುತ್ತದೆ. ಹೊಸದೇ ಬೇಕೆನ್ನುವವರಿಗೆ, ಮುಂದಿನ ಹತ್ತು ವರ್ಷದ ಯೋಚನೆ ಇರುವವರಿಗೆ ಇದು ಸೂಕ್ತ.

ಮೂರನೆಯದು ಆಫೀಸುಗಳು ಬಿಸಾಡಿದ ಯಂತ್ರ. ದೊಡ್ಡ ಕಂಪನಿಗಳು ಮೇಜಿನ ಮೇಲೆ ಜಾಗ ಉಳಿಸಲು ಪಂಚಾಂಗದ ಗಾತ್ರದ ಕಂಪ್ಯೂಟರುಗಳನ್ನು ಸಾವಿರಗಟ್ಟಲೆ ಕೊಂಡು ನಾಲ್ಕೈದು ವರ್ಷಕ್ಕೆ ವಿಲೇವಾರಿ ಮಾಡುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅವು ಒರೆಸಿ ಒಪ್ಪವಾಗಿ ಮಾರಾಟಕ್ಕಿರುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದರಿಂದ ಇಂಥ ಇನ್ನಷ್ಟು ಯಂತ್ರಗಳು ಆಫೀಸುಗಳಿಗೆ ಬೇಡವಾದವು. ಲಿನಕ್ಸ್ ಹಾಕುವವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಇಲ್ಲಿ ನೋಡಬೇಕಾದದ್ದು ಒಂದೇ ಅಂಕಿ. ಇಂಟೆಲ್‌ನ ಏಳನೆಯ ತಲೆಮಾರು ಅಥವಾ ಅದರ ಮುಂದಿನದಾದರೆ ಎಚ್.265ರ ತುರಿಮಣೆ ಪೂರ್ಣವಾಗಿ ಇರುತ್ತದೆ. ಎ.ವಿ.1 ಬೇಕಾದರೆ ಹನ್ನೊಂದನೆಯ ತಲೆಮಾರಿಗೆ ಹೋಗಬೇಕು. ಮಿಕ್ಕ ಗಿಗಾಹರ್ಟ್ಸ್ ಪುರಾಣವನ್ನು ಅಂಗಡಿಯವನಿಗೇ ಬಿಡಬಹುದು.

ನಾವು ಆರಿಸಿದ್ದು ಈ ಮೂರನೆಯದನ್ನು. ಯಾವುದೋ ಆಫೀಸಿನಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ ಯಂತ್ರ ಈಗ ನಮ್ಮ ಚಾವಡಿಯಲ್ಲಿ ಭೀಷ್ಮಾರ್ಜುನ ಪ್ರಸಂಗ ಕೇಳಿಸುತ್ತದೆ. ಹೊಸದರ ಬೆಲೆಯ ಮೂರನೇ ಒಂದು ಪಾಲೂ ಆಗಲಿಲ್ಲ, ಏಕೆಂದರೆ ಉಳಿದ ಎರಡು ಪಾಲನ್ನು ಆ ಆಫೀಸು ಆಗಲೇ ಕೊಟ್ಟುಬಿಟ್ಟಿತ್ತು. ಎಕ್ಸ್‌ಬಾಕ್ಸ್‌ನಂತೆ ಇಲ್ಲೂ ಇನ್ನೊಬ್ಬರ ಖರ್ಚಿದೆ, ಆದರೆ ವಸೂಲಿಗೆ ಯಾರೂ ಬರುವುದಿಲ್ಲ. ವಿದ್ಯುತ್ತಿನ ಲೆಕ್ಕವೂ ಸರಿಹೋಗುತ್ತದೆ. ಹತ್ತು ವ್ಯಾಟಿನ ಯಂತ್ರ ತಿಂಗಳಿಡೀ ಹಗಲು ರಾತ್ರಿ ನಡೆದರೂ ಏಳು ಯೂನಿಟ್ಟಿನ ಆಸುಪಾಸು. ಎಂಬತ್ತು ವ್ಯಾಟಿನ ಹಳೆಯ ಡಬ್ಬಿಯಾದರೆ ಐವತ್ತೇಳು ದಾಟುತ್ತದೆ. ಕೊಳ್ಳುವ ದಿನ ಅಗ್ಗವಾದದ್ದು ಬಿಲ್ಲು ಬರುವ ದಿನವೂ ಅಗ್ಗವಾಗಿದೆಯೇ ಎಂದು ನೋಡಬೇಕು.

ಎರಡು ಮಾತುಗಳನ್ನು ಇಲ್ಲಿ ಸೇರಿಸಬೇಕು. ಹಣ ಕೊಟ್ಟು ನೋಡುವ ಸಿನಿಮಾ ಸಂಸ್ಥೆಗಳು ತಮ್ಮ ಅತಿ ಸ್ಫುಟವಾದ ಚಿತ್ರವನ್ನು ತಾವು ಒಪ್ಪಿದ ಸಾಧನಗಳಿಗೆ ಮಾತ್ರ ಕಳಿಸುತ್ತವೆ. ಅದಷ್ಟೇ ಬೇಕಾದವರಿಗೆ ಪುಟ್ಟ ಕಂಪ್ಯೂಟರಿನ ಗೊಡವೆ ಬೇಡ, ಕಡ್ಡಿ ಸಾಕು. ಇನ್ನು, ಎಲ್ಲ ಸಿನಿಮಾ ಪುಕ್ಕಟೆ ಬರುತ್ತದೆ ಎಂದು ಹೇಳಿ ಕೋಡಿ ತುಂಬಿಸಿದ ಪೆಟ್ಟಿಗೆಗಳನ್ನು ಮಾರುವವರಿದ್ದಾರೆ. ಅದು ಕಳ್ಳಮಾಲು. ಕೋಡಿ ತಂಡವೇ ಅಂಥವರನ್ನು ತಮ್ಮವರಲ್ಲವೆಂದು ಬಹಿರಂಗವಾಗಿ ಹೇಳಿದೆ. ಕೋಡಿ ಎಂಬುದು ಬರಿಯ ಕಪಾಟು, ಅದರೊಳಗೆ ನಾವು ಇಟ್ಟದ್ದು ಮಾತ್ರ ಇರುತ್ತದೆ.

ಈ ಪೆಟ್ಟಿಗೆಯೂ ಒಂದು ದಿನ ಕೆಡುತ್ತದೆ. ಸಿಡಿಲಿಗೋ ತೇವಕ್ಕೋ ಬಲಿಯಾಗುತ್ತದೆ. ಆದ್ದರಿಂದ ಧ್ವನಿಗಳ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನಲ್ಲಿ ತಮ್ಮನ ಮನೆಯಲ್ಲಿದೆ. ಎಕ್ಸ್‌ಬಾಕ್ಸ್‌ನ ಉತ್ಪಾದನೆ ನಿಂತು ಎಷ್ಟೋ ವರ್ಷವಾದರೂ ಅದರಲ್ಲಿ ಹುಟ್ಟಿದ ತಂತ್ರಾಂಶ ಇವತ್ತಿಗೂ ನಡೆಯುತ್ತಿರುವುದಕ್ಕೆ ಕಾರಣ, ಅದರ ಮೂಲ ಬರಹ ಎಲ್ಲರ ಕೈಯಲ್ಲಿದ್ದದ್ದು. ಎಂಪಿ3 ಎಂಬ ಕ್ರಮದ ಪೇಟೆಂಟುಗಳೂ ಈಗ ಮುಗಿದಿವೆ, ಯಾರು ಬೇಕಾದರೂ ಅದನ್ನು ನುಡಿಸುವ ಯಂತ್ರ ಮಾಡಬಹುದು. ಹೀಗಿರುವಾಗ ಪೆಟ್ಟಿಗೆ ಯಾವ ಕಂಪನಿಯದು ಎಂಬುದಕ್ಕಿಂತ, ಅದು ಕೆಟ್ಟ ದಿನ ನಮ್ಮ ವಸ್ತುಗಳು ಇನ್ನೊಂದು ಪೆಟ್ಟಿಗೆಗೆ ಯಾರ ಅಪ್ಪಣೆಯನ್ನೂ ಕೇಳದೆ ಹೋಗಬಲ್ಲವೇ ಎಂದು ವಿಚಾರಿಸಿ ಕೊಳ್ಳುವುದು ಜಾಣತನ. ಹೋಗಬಲ್ಲವು ಎಂದಾದರೆ ಅತ್ಯಂತ ಅಗ್ಗದ್ದನ್ನೇ ನಿಶ್ಚಿಂತೆಯಿಂದ ತರಬಹುದು.